ವರವನ್ನು ತೂಗಿ ನೋಡುವ ಸಭೆ



ಬೋನಸ್ ಹಂಚುವ ಕಾಲ ಬಂತೆಂದರೆ ಬಟ್ಟೆಯವರೂ ಪಾತ್ರೆಯವರೂ ನಮ್ಮ ಲೈನುಗಳಿಗೆ ಬರುವುದು ಹಳೆಯ ವಾಡಿಕೆ. ಈಗ ಅವರ ಹಿಂದೆಯೇ ಮೈಕು, ಬಣ್ಣದ ನೋಟೀಸುಗಳೊಡನೆ ಊರೂರು ತಿರುಗುವ ದೇವಸೇವಕರೂ ಬರುತ್ತಾರೆ. ಮೂರು ದಿನ ಉಜ್ಜೀವನ ಕೂಟ. ವಾಣಿಗಳನ್ನಾಡುವುದು, ಪ್ರವಾದನೆ, ರೋಗಿಗಳ ಮೇಲೆ ಕೈಯಿಡುವುದು ಎಲ್ಲವೂ ನಡೆಯುತ್ತದೆ. ಬಂದವರೆಲ್ಲರೂ ಮೋಸಗಾರರೆಂದು ಹೇಳುವ ಧೈರ್ಯ ನಮಗಿಲ್ಲ; ಕುಡಿತ ಬಿಟ್ಟವರೂ ಮುರಿದ ಮನೆಯನ್ನು ಮತ್ತೆ ಕಟ್ಟಿಕೊಂಡವರೂ ಇಂಥ ಕೂಟಗಳಿಂದ ಎದ್ದು ಬಂದದ್ದುಂಟು. ಆದರೆ ಜೀಪು ಇಳಿದು ಹೋದ ಮೇಲೆ ಸಭೆಯಲ್ಲಿ ಉಳಿಯುವುದು ಜಗಳ. ವಾಣಿಯಾಡದವನಿಗೆ ಪವಿತ್ರಾತ್ಮನೇ ಇಲ್ಲವೆಂದು ಒಂದು ಪಕ್ಷ. ಆ ವರಗಳು ಅಪೊಸ್ತಲರ ಕಾಲಕ್ಕೇ ಮುಗಿದವು, ಈಗ ಕಾಣುವುದೆಲ್ಲ ಸೈತಾನನ ಆಟವೆಂದು ಇನ್ನೊಂದು ಪಕ್ಷ. ಗೋಡೆಗೆ ಗೋಡೆ ತಾಗಿದ ಮನೆಗಳವರು ಕರ್ತನ ಭೋಜನಕ್ಕೆ ಒಟ್ಟಿಗೆ ಕೂರುವುದನ್ನು ಬಿಡುತ್ತಾರೆ.

ಈ ಜಗಳ ನಮ್ಮ ಎಸ್ಟೇಟಿನಲ್ಲೇ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಬ್ಯಾಪ್ಟಿಸ್ಟರು 1677ರಲ್ಲಿ ಬರೆದು 1689ರಲ್ಲಿ ಲಂಡನ್ನಿನಲ್ಲಿ ಅಂಗೀಕರಿಸಿದ ವಿಶ್ವಾಸಪ್ರಮಾಣದ ಮೊದಲ ಅಧ್ಯಾಯದಲ್ಲೇ, ದೇವರು ಹಿಂದೆ ತನ್ನ ಚಿತ್ತವನ್ನು ತಿಳಿಸುತ್ತಿದ್ದ ರೀತಿಗಳು ನಿಂತುಹೋದವು, ಈಗ ನಮಗಿರುವುದು ಶಾಸ್ತ್ರವೆಂಬ ಅರ್ಥದ ಮಾತಿದೆ. ಮುಂದೆ 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪಟ್ಟಣದ ಅಜೂಸಾ ಬೀದಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಮಗನಾದ ವಿಲಿಯಂ ಸೀಮೋರ್ ನಡೆಸಿದ ಕೂಟಗಳಿಂದ ಪೆಂತೆಕೊಸ್ತ ಚಳವಳಿ ಲೋಕವೆಲ್ಲ ಹರಡಿತು. ಅದಕ್ಕೂ ಒಂದು ವರ್ಷ ಮೊದಲೇ, 1905ರಲ್ಲಿ, ನಮ್ಮ ಕನ್ನಡ ಘಟ್ಟಸೀಮೆಯಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲಿ, ಪುಣೆಯ ಹತ್ತಿರದ ಕೇಡಗಾಂವಿನಲ್ಲಿ, ದೊಡ್ಡ ಉಜ್ಜೀವನವಾಗಿತ್ತು. ಆದ್ದರಿಂದ ಇದೆಲ್ಲ ಅಮೆರಿಕದ ಸರಕೆಂದು ತಳ್ಳಿಹಾಕುವವರು ಸ್ವಲ್ಪ ನಿಧಾನಿಸಬೇಕು.

ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರ ಪರದೇಶ ಮಿಷನ್ ಮಂಡಲಿಯವರು 2005ರಲ್ಲಿ ಒಂದು ನಿಯಮ ಮಾಡಿದರು: ಏಕಾಂತ ಪ್ರಾರ್ಥನೆಯಲ್ಲಿ ವಾಣಿಯಾಡುವವರನ್ನೂ ಹೊಸ ಮಿಷನೆರಿಗಳಾಗಿ ತೆಗೆದುಕೊಳ್ಳತಕ್ಕದ್ದಲ್ಲ. ವಿಚಿತ್ರವೇನೆಂದರೆ, ಆ ಮಂಡಲಿಗೆ ಆಗ ಅಧ್ಯಕ್ಷರಾಗಿದ್ದ ಜೆರ್ರಿ ರ್‍ಯಾಂಕಿನ್ನರೇ ತಾವು ಏಕಾಂತದಲ್ಲಿ ಹಾಗೆ ಪ್ರಾರ್ಥಿಸುವುದುಂಟೆಂದು ಒಪ್ಪಿಕೊಂಡಿದ್ದವರು! ಹತ್ತು ವರ್ಷದ ಮೇಲೆ, 2015ರಲ್ಲಿ, ಆ ಅಡ್ಡಿಯನ್ನು ತೆಗೆದರು. ದೊಡ್ಡ ದೊಡ್ಡ ಪಂಡಿತರೇ ಹೀಗೆ ಹಿಂದೆ ಮುಂದೆ ನೋಡಿದ ಪ್ರಶ್ನೆಯನ್ನು ಹಿಡಿದು, ಎರಡು ಮನೆಯವರು ಮಾತು ಬಿಡುವುದು ಎಷ್ಟರಮಟ್ಟಿಗೆ ಸರಿ?

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ವರಗಳು ಇಂಥ ವರ್ಷಕ್ಕೆ ನಿಂತವೆಂದು ಶಾಸ್ತ್ರದಲ್ಲಿ ನಮಗೆ ಕಾಣುವುದಿಲ್ಲ. ಸಂಪೂರ್ಣವಾದದ್ದು ಬಂದಾಗ ಅಪೂರ್ಣವಾದದ್ದು ಇಲ್ಲದೆ ಹೋಗುವುದೆಂದು ಪೌಲನು ಹೇಳುವಾಗ (1 ಕೊರಿಂಥ 13), ಕರ್ತನನ್ನು ಮುಖಾಮುಖಿಯಾಗಿ ನೋಡುವ ದಿನದ ಕಡೆಗೇ ಅವನ ಕಣ್ಣಿದೆ. ವಾಣಿಯಾಡುವುದನ್ನು ತಡೆಯಬೇಡಿರೆಂದೂ ಅವನೇ ಬರೆದಿದ್ದಾನೆ. ಆದರೆ ಎಲ್ಲರೂ ವಾಣಿಯಾಡುತ್ತಾರೋ ಎಂದು ಕೇಳಿದವನೂ ಅವನೇ, ಇಲ್ಲವೆಂಬ ಉತ್ತರ ಆ ಪ್ರಶ್ನೆಯಲ್ಲೇ ಇದೆ. ಒಂದೇ ವರವನ್ನು ರಕ್ಷಣೆಯ ಗುರುತುಚೀಟಿ ಮಾಡಿ, ಅದಿಲ್ಲದ ಮುದುಕಿಯನ್ನು ಹಿಂದಿನ ಚಾಪೆಗೆ ತಳ್ಳುವುದು ಸ್ವಸ್ಥಬೋಧನೆಯಲ್ಲ. ಸ್ವಸ್ಥಬೋಧನೆಯೆಂದರೆ ಆರೋಗ್ಯವುಳ್ಳ ಬೋಧನೆ; ತಿಂದವನ ಮೈಗೆ ಹಿಡಿಯಬೇಕು, ಅವನನ್ನು ಕೆಡಿಸಬಾರದು.

ಹಾಗಾದರೆ ನಿಜವಾದ ವರವನ್ನು ತಿಳಿಯುವುದು ಹೇಗೆ? ಇಲ್ಲಿ ನಮ್ಮ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಂಜೆ ಎಲೆ ತೂಗುವಾಗ ಚೀಲದ ತೂಕ, ನೀರಿನ ತೂಕವೆಂದು ಅರ್ಧ ಕಿಲೋ ಹೆಚ್ಚಿಗೆ ಕಳೆದರೆ ನಮ್ಮ ಹೆಂಗಸರು ತಕ್ಕಡಿಯ ಮುಳ್ಳು ತೋರಿಸೆಂದು ಮೇಸ್ತ್ರಿಯ ಎದುರು ನಿಲ್ಲುತ್ತಾರೆ. ಅದೇ ಹೆಂಗಸರು ರಾತ್ರಿಯ ಕೂಟದಲ್ಲಿ, 'ಕರ್ತನು ನನಗೆ ಹೇಳಿದ್ದಾನೆ' ಎಂದು ಒಬ್ಬನು ಕೂಗಿದೊಡನೆ ಕಣ್ಣುಮುಚ್ಚಿ ಆಮೆನ್ ಅನ್ನುತ್ತಾರೆ. ಇಬ್ಬರು ಮೂವರು ಪ್ರವಾದಿಸಿದರೆ ಮಿಕ್ಕವರು ಅದನ್ನು ವಿವೇಚಿಸಬೇಕೆಂದು 1 ಕೊರಿಂಥ 14ರಲ್ಲಿ ಇದೆ. ಮಿಕ್ಕವರೆಂದರೆ ಚಾಪೆಯ ಮೇಲೆ ಕುಳಿತ ನಾವೇ. ನಮ್ಮ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಬಿಷಪರಿಲ್ಲ; ತೀರ್ಮಾನ ಸದಸ್ಯರ ಕೂಟದ್ದು. ಅಧಿಕಾರ ನಮ್ಮದೆಂದರೆ ತೂಗುವ ಹೊಣೆಯೂ ನಮ್ಮದೇ.

ಹಿಂದಿನವರು ಇದನ್ನು ಹೇಗೆ ಮಾಡಿದರು, ನೋಡಿ. ವಿಲಿಯಂ ಕೇರಿಯವರ ಹೆಸರು ಯಾರಿಗೆ ಗೊತ್ತಿಲ್ಲ? 1793ರಲ್ಲಿ ಬಂಗಾಳಕ್ಕೆ ಬಂದವರು, 1817ರಲ್ಲಿ ಕನ್ನಡಕ್ಕೂ ಒಂದು ವ್ಯಾಕರಣ ಅಚ್ಚು ಹಾಕಿಸಿದವರು. ಅವರು ಮೊದಲು ಚಪ್ಪಲಿ ಹೊಲಿಯುವ ಕೆಲಸದವರು. ತನಗೆ ಬೋಧಿಸುವ ವರವಿದೆಯೆಂದು ಓಲ್ನಿ ಎಂಬ ಊರಿನ ಸಭೆಯ ಮುಂದೆ 1785ರಲ್ಲಿ ನಿಂತಾಗ, ಸಭೆ ಅವರ ಪ್ರಸಂಗ ಕೇಳಿ ತಕ್ಷಣ ಒಪ್ಪಲಿಲ್ಲ. ಇನ್ನೂ ಕೆಲವು ಕಾಲ ಬೋಧಿಸುತ್ತಿರು, ನೋಡೋಣ ಎಂದಿತು. ಒಪ್ಪಿ ಕಳುಹಿಸಿದ್ದು 1786ರಲ್ಲಿ. ಕೇರಿಯವರ ವರ ನಿಜವಾದದ್ದಾಗಿತ್ತು, ಅದಕ್ಕೇ ಆ ಒಂದು ವರ್ಷದ ತಕ್ಕಡಿಯಿಂದ ಅದಕ್ಕೇನೂ ನಷ್ಟವಾಗಲಿಲ್ಲ. ಮೂರೇ ದಿನದಲ್ಲಿ ಬಂದು ಹೋಗುವವರನ್ನು ಎಲ್ಲಿ, ಹೇಗೆ ತೂಗುವುದು?

ಆಂಧ್ರದ ಗಡಿಯಲ್ಲಿರುವ ನಮ್ಮವರಿಗೆ ಒಂಗೋಲಿನ ಕಥೆ ಗೊತ್ತಿರಬಹುದು. 1876ರಿಂದ 78ರವರೆಗಿನ ಭಾರಿ ಬರಗಾಲದಲ್ಲಿ ಅಲ್ಲಿನ ಬ್ಯಾಪ್ಟಿಸ್ಟ್ ಮಿಷನೆರಿ ಜಾನ್ ಕ್ಲಫ್, ಹಿಂದೆ ಸರ್ವೆ ಕೆಲಸ ಕಲಿತಿದ್ದವರು, ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಮೂರೂವರೆ ಮೈಲಿ ಅಗೆಯುವ ಕಂಟ್ರಾಕ್ಟು ಹಿಡಿದು ಹಸಿದ ಜನರಿಗೆ ಕೂಲಿ ಕೊಟ್ಟರು. ಸಭೆಯ ಬೋಧಕರೇ ಮೇಸ್ತ್ರಿಗಳಾಗಿ ನಿಂತು, ಬಿಡುವಿನ ಹೊತ್ತಿನಲ್ಲಿ ವಾಕ್ಯ ಹೇಳಿದರು. ಸಾವಿರಾರು ಜನ ದೀಕ್ಷಾಸ್ನಾನ ಕೇಳಿದರೂ, ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು, ಪರಿಹಾರದ ಹಣ ನಿಲ್ಲುವ ತನಕ ಅವರು ಕೊಡಲಿಲ್ಲ. ಆಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮಾ ನದಿಯಲ್ಲಿ ಒಂದೇ ದಿನ 2222 ಮಂದಿ ದೀಕ್ಷಾಸ್ನಾನ ಹೊಂದಿದರು. ಆ ಜನರ ನಡುವೆ ಸುವಾರ್ತೆಯನ್ನು ಮೊದಲು ಹೊತ್ತು ತಿರುಗಿದವರು ಮಾದಿಗ ಸಮುದಾಯದ, ಚರ್ಮದ ವ್ಯಾಪಾರ ಮಾಡುತ್ತಿದ್ದ ಎರ್ರಗುಂಟ್ಲ ಪೇರಯ್ಯ. ಪೌಲನ ಪಟ್ಟಿಯಲ್ಲಿ ವಾಣಿಯ ಪಕ್ಕದಲ್ಲೇ ಪರಸಹಾಯವೂ ಕಾರ್ಯನಿರ್ವಹಣೆಯೂ ಇವೆ. ಕಾಲುವೆಯ ಹಾಜರಿ ಪುಸ್ತಕ ಬರೆದವನದೂ ಆತ್ಮನ ವರವೇ. ಅದಕ್ಕೆ ಯಾರೂ ನೋಟೀಸು ಅಚ್ಚು ಹಾಕಿಸುವುದಿಲ್ಲ, ಅಷ್ಟೆ.

ಈಗ ಸ್ವಸ್ಥತೆಯ ವಿಷಯ. ಇಲ್ಲಿ ಪ್ರಾಣವೇ ತಕ್ಕಡಿಯಲ್ಲಿರುವುದರಿಂದ ಸ್ವಲ್ಪ ಕಟುವಾಗಿ ಬರೆಯಬೇಕಾಗಿದೆ. ಕ್ಷಯದ ಮಾತ್ರೆ ತಿನ್ನುತ್ತಿರುವವರಿಗೆ 'ನೀನು ಗುಣವಾದೆ, ಮಾತ್ರೆ ತಿಂದರೆ ಅವಿಶ್ವಾಸ' ಎಂದು ಹೇಳುವವರಿದ್ದಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ತಪ್ಪದೆ ನಡೆಯಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಾಗಲೇ ಬಿಟ್ಟರೆ ಕಾಯಿಲೆ ಔಷಧಕ್ಕೆ ಬಗ್ಗದಂತಾಗಿ ತಿರುಗಿ ಬರಬಹುದು, ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಅದೇ ಹತ್ತಬಹುದು. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆಹಾರಕ್ಕೆಂದು ಕೊಡುವ ಹಣವೂ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಪೌಲನ ಕೈಯಿಂದ ರೋಗಿಗಳು ಗುಣವಾದರು, ಆದರೂ ಅವನು ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದನು. ಅವನ ಜೊತೆಗಾರ ಲೂಕನು ವೈದ್ಯ. ಯಾಕೋಬನ ಪತ್ರದ ಪ್ರಕಾರ ರೋಗಿಯು ಸಭೆಯ ಹಿರಿಯರನ್ನು ಮನೆಗೆ ಕರೆಸಬೇಕು. ಅವರು ಎಣ್ಣೆ ಹಚ್ಚಿ ಪ್ರಾರ್ಥಿಸುವರು. ಹಿರಿಯರು ಅಲ್ಲೇ ಇರುವವರು, ಮರುದಿನವೂ ಬಂದು ವಿಚಾರಿಸುವವರು. ಅವರಿಗೆ ಫೀಸಿಲ್ಲ. ನಾಮಾನನಿಂದ ಎಲೀಷನು ಮುಟ್ಟದ ಬೆಳ್ಳಿಯನ್ನು ಹಿಂದೆ ಓಡಿ ಇಸಕೊಂಡ ಗೇಹಜಿಗೆ ಏನಾಯಿತೆಂಬುದನ್ನು ಭಾನುವಾರದ ಶಾಲೆಯ ಮಕ್ಕಳೇ ಹೇಳಿಯಾರು.

ವಾಣಿಗೆ ಅರ್ಥ ಹೇಳುವವನು ಬೇಕೆಂಬ ಪೌಲನ ಕಟ್ಟಳೆಯೂ ಗಡಿನಾಡಿನ ನಮಗೆ ಬೇಗ ತಿಳಿಯುತ್ತದೆ. ತಮಿಳು ಬೋಧಕರು ಬಂದರೆ ಒಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾರೆ. ವಯನಾಡಿನ ಕಡೆ ಮಲಯಾಳದಿಂದ ಹೇಳಬೇಕು. ಹೇಳುವವರಿಲ್ಲದ ದಿನ ಅಜ್ಜಿಯರು ಸುಮ್ಮನೆ ಕುಳಿತು ಎದ್ದು ಹೋಗುತ್ತಾರೆ. ಅರ್ಥವಾಗದ ಮಾತಿನ ಮುಂದೆ ಕೂರುವುದು ಏನೆಂದು ಇಷ್ಟು ಚೆನ್ನಾಗಿ ಬಲ್ಲ ನಾವು, ಅರ್ಥ ಹೇಳುವವರಿಲ್ಲದಿದ್ದರೆ ವಾಣಿಯಾಡುವವನು ಸಭೆಯಲ್ಲಿ ಮೌನವಾಗಿದ್ದು ದೇವರೊಡನೆ ಮಾತಾಡಲಿ ಎಂಬುದನ್ನು ಏಕೆ ಪಾಲಿಸಬಾರದು? ಮಕ್ಕಳು ಶಾಲೆಯಲ್ಲಿ ತಮಿಳು, ಮಲಯಾಳ ಕಲಿತು ಕನ್ನಡ ಸತ್ಯವೇದ ಓದಲಾರದ ಮನೆಗಳಲ್ಲಿ, ತಪ್ಪಿಲ್ಲದೆ ಒಂದು ಅಧ್ಯಾಯ ಓದಿ ಹೇಳುವ ಹುಡುಗಿಯ ವರ ಎಷ್ಟು ದೊಡ್ಡದು!

ಪ್ರವಾದನೆಯ ಹೆಸರಿನಲ್ಲಿ ನಡೆಯುವ ಮತ್ತೊಂದು ಕೇಡನ್ನು ಹೇಳಲೇಬೇಕು. 'ನಿನ್ನ ಮನೆಗೆ ಮಾಟ ಮಾಡಿದ್ದಾರೆ, ಮಾಡಿದವಳು ಹತ್ತಿರದವಳೇ' ಎಂಬ ಮಾತು. ಹತ್ತು ಮನೆಯ ಲೈನಿನಲ್ಲಿ ಹತ್ತಿರದವಳೆಂದರೆ ಯಾರು? ಹೆಚ್ಚಾಗಿ ಬೆರಳು ಹೋಗುವುದು ಗಂಡನಿಲ್ಲದವಳ ಕಡೆಗೆ. ಭಕ್ತಿವೃದ್ಧಿಗೂ ಬುದ್ಧಿಗೂ ಸಂತೈಸುವಿಕೆಗೂ ಇರಬೇಕಾದ ಪ್ರವಾದನೆ ವಿಧವೆಯ ಬಾಗಿಲಿಗೆ ಕಲ್ಲು ಬೀಳಿಸಿದರೆ, ಅದು ಎಲ್ಲಿಂದ ಬಂತೆಂದು ಬೇರೆ ಪರೀಕ್ಷೆ ಬೇಕಾಗಿಲ್ಲ. ಅಂಥವನ ಕೈಯಿಂದ ಮೈಕು ತೆಗೆದುಕೊಳ್ಳಲು ಸಭಾಪಾಲಕರಿಗೆ ಅಂಜಿಕೆಯಾದರೆ ಹಿರಿಯರು ಎದ್ದು ನಿಲ್ಲಬೇಕು.

ಆದುದರಿಂದ ಬೋನಸ್ ತಿಂಗಳಿಗೆ ಮೊದಲೇ ಪ್ರತಿ ಸಭೆಯವರೂ ಸದಸ್ಯರ ಕೂಟ ಕರೆಯಿರಿ. ಬರುವ ದೇವಸೇವಕರು ಯಾವ ಸಭೆಯ ಸದಸ್ಯರು, ಅವರನ್ನು ಬಲ್ಲವರು ಯಾರು, ಅವರ ಮಾತು ಸುಳ್ಳಾದರೆ ಯಾರ ಮುಂದೆ ಉತ್ತರ ಹೇಳುತ್ತಾರೆಂದು ಕೇಳಿ ತಿಳಿದ ಮೇಲೆ ದಿನ ಗೊತ್ತುಮಾಡಿ. ಕಾಣಿಕೆಯನ್ನು ಸಭೆಯ ಖಜಾಂಚಿಯೇ ಎಣಿಸಿ ಮುಂದಿನ ಭಾನುವಾರ ಲೆಕ್ಕ ಓದಲಿ. ನಿವೃತ್ತಿಯ ಗ್ರಾಚ್ಯುಟಿ, ಪಿ.ಎಫ್. ಹಣ ಕೈಗೆ ಬಂದವರ ಮನೆಗೆ ಹೊರಗಿನವರು ಒಬ್ಬರೇ ಹೋಗಿ ಪ್ರಾರ್ಥಿಸುವುದು ಬೇಡ, ಹಿರಿಯರೊಬ್ಬರು ಜೊತೆಯಲ್ಲಿರಲಿ. ಆ ಕೂಟದಲ್ಲಿ ಹೆಂಗಸರೂ ಮಾತಾಡಲಿ, ಕಾಣಿಕೆಯ ಹೆಚ್ಚು ಪಾಲು ಹೋಗುವುದು ಅವರ ಸೆರಗಿನ ಗಂಟಿನಿಂದಲೇ. 1 ಕೊರಿಂಥದ 12, 13, 14ನೆಯ ಅಧ್ಯಾಯಗಳನ್ನು ಮೂರು ವಾರ ಮೊದಲಿನಿಂದ ಮನೆಪ್ರಾರ್ಥನೆಯಲ್ಲಿ ಓದಿಕೊಂಡು ಬನ್ನಿರಿ. ಕೂಟವನ್ನು ಕೆಲಸ ಬಿಟ್ಟೊಡನೆ ಬೆಳಕಿರುವಾಗಲೇ ಇಟ್ಟುಕೊಳ್ಳಿ. ಆನೆ ತಿರುಗುವ ದಾರಿಯವರು ಕತ್ತಲಾಗುವ ಮೊದಲು ಮನೆ ಸೇರಬೇಕು.