ಹೆಜ್ಜೆ ಕಟ್ಟಿದವರಾರು?

ನಾಟಕದ ಕರಪತ್ರವೊಂದನ್ನು ವಾಚಕರು ಕೈಗೆತ್ತಿಕೊಂಡು ನೋಡಲಿ. ಕವಿಯ ಹೆಸರು ದಪ್ಪಕ್ಷರಗಳಲ್ಲಿ ಅಚ್ಚಾಗಿರುವದು. ಅದರ ಕೆಳಗೆ ನಿರ್ದೇಶಕರು, ಸಂಗೀತ ಕೂಡಿಸಿದವರು, ಬೆಳಕಿನವರು, ಬಣ್ಣದವರು, ಕಡೆಗೆ ಧನಸಹಾಯ ಮಾಡಿದ ಅಂಗಡಿಕಾರರು ಕೂಡ ಸಾಲಾಗಿ ನಿಂತಿರುವರು. ಆದರೆ ಪಾತ್ರಧಾರಿಗಳಿಗೆ ತಿಂಗಳುಗಟ್ಟಲೆ ತಾಲೀಮು ಕೊಟ್ಟು, ಹೆಜ್ಜೆಗೆ ಹೆಜ್ಜೆ ಹೊಂದಿಸಿ, ಆಟದ ದಿನ ತಾನೂ ಅವರ ಸಾಲಿನಲ್ಲಿ ನಿಂತು ಕುಣಿದವನ ಹೆಸರು ಎಷ್ಟೋ ಸಲ ಅಲ್ಲಿ ಕಾಣಿಸದು. ಕಂಡರೂ 'ಸಹಕಾರ' ಎಂಬ ಮಾತಿನ ಅಡಿಯಲ್ಲಿ ಹತ್ತರೊಡನೆ ಹನ್ನೊಂದಾಗಿರುವದು. ಕುಣಿತವನ್ನು ಕಟ್ಟುವದು ಕಾವ್ಯವನ್ನು ಕಟ್ಟಿದಷ್ಟೇ ಕರ್ತೃತ್ವವೆಂದೂ, ಆ ಕರ್ತೃವಿನ ಹೆಸರನ್ನು ಅಡಗಿಸುವದು ಅನ್ಯಾಯವೆಂದೂ ಸಾಧಿಸುವದೇ ಈ ಲೇಖನದ ಉದ್ದೇಶವು.

ಗಿಟಾರು, ಡ್ರಮ್ಮುಗಳ ಮೇಳದೊಡನೆ ಸಣ್ಣ ತಂಡಗಳು ಆಡುವ 'ರಾಕ್ ಸಂಗೀತನಾಟಕ'ಗಳಲ್ಲಿ ಈ ಅನ್ಯಾಯವು ಎದ್ದು ಕಾಣುವದು. ಏಕೆಂದರೆ ಅಲ್ಲಿ ಕಥೆಯ ಅರ್ಧ ಭಾರವನ್ನು ಕಾಲುಗಳೇ ಹೊರುವವು. ನ್ಯೂಯಾರ್ಕ್ ನಗರದಲ್ಲಿ ೧೯೬೭ರಲ್ಲಿ ಆಡಿದ 'ಹೇರ್' ಎಂಬ ನಾಟಕವು ಈ ಜಾತಿಯ ಮೊದಲಿಗರಲ್ಲೊಂದು. ಮರುವರ್ಷ ಅದು ಬ್ರಾಡ್‌ವೇ ರಂಗಕ್ಕೆ ಬಂದಾಗ ಕುಣಿತ ಕಟ್ಟಿದ ಜೂಲಿ ಅರೆನಾಲ್ ಎಂಬಾಕೆಯ ಹೆಸರು ನೃತ್ಯನಿರ್ದೇಶಕಿಯೆಂದು ಪ್ರಕಟವಾಗಿದ್ದಿತು. ನಾವು ಅವರ ವಾದ್ಯಗಳನ್ನು ತಂದುಕೊಂಡೆವು. ಈ ಸೌಜನ್ಯವನ್ನು ಮಾತ್ರ ಹಡಗಿನಲ್ಲಿಯೇ ಬಿಟ್ಟುಬಂದೆವು. ಈ ಮಾತಿಗೆ ಬರುವ ಆಕ್ಷೇಪಗಳನ್ನು ಪಾಠಶಾಲೆಯ ಪದ್ಧತಿಯಂತೆ ಒಂದೊಂದಾಗಿ ವಿಚಾರಿಸುವೆನು.

ಮೊದಲನೆಯ ಪೂರ್ವಪಕ್ಷವು: 'ಇದು ಪರದೇಶದ ಗದ್ದಲವು, ಇದರ ಕರ್ತೃವಿನ ಗೊಡವೆ ನಮಗೇಕೆ?' ಹೀಗೆನ್ನುವ ಹಿರಿಯರು ತಾವು ಪ್ರಾಣದಂತೆ ಪ್ರೀತಿಸುವ ಕಂಪನಿ ನಾಟಕದ ಹಾರ್ಮೋನಿಯಂ ಪೆಟ್ಟಿಗೆಯನ್ನು ನೆನೆಯಲಿ. ಅದು ೧೮೪೦ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದುದು. ನಮ್ಮ ರಾಗಗಳಿಗೆ ಅದು ಒಗ್ಗದೆಂದು ಆಕಾಶವಾಣಿಯು ೧೯೪೦ರಿಂದ ೧೯೭೧ರ ವರೆಗೆ ಅದನ್ನು ಹೊರಗಿಟ್ಟಿತ್ತು. ೧೯೫೦ರಲ್ಲಿ ಧಾರವಾಡದ ಕೇಂದ್ರವು ತೆರೆದಾಗಲೂ ಆ ಬಹಿಷ್ಕಾರವಿದ್ದಿತು. ಆದರೂ ನಮ್ಮ ರಂಗಭೂಮಿಯು ಅದನ್ನು ಬಿಡಲಿಲ್ಲ. ಹೊಸತನ್ನು ಒಳಗುಮಾಡಿಕೊಳ್ಳುವದು ಈ ಸೀಮೆಯ ಹಳೆಯ ಗುಣವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ 'ಶಾಕುಂತಲ'ವನ್ನು ಸಂಗೀತನಾಟಕವಾಗಿ ಆಡಿಸಿ ಮರಾಠಿಗರಿಗೆ ಹೊಸ ಮಾರ್ಗವನ್ನೇ ತೋರಿದರು. ಅದಕ್ಕೂ ಮೊದಲು ಶಾಂತಕವಿಗಳು ಗದುಗಿನಲ್ಲಿ ಕನ್ನಡ ನಾಟಕವನ್ನು ರಂಗಕ್ಕೇರಿಸಿದ್ದರು. ಇಂಥವರ ನೆಲದಲ್ಲಿ ನಿಂತು ವಾದ್ಯದ ಕುಲಗೋತ್ರ ಕೇಳುವದು ನಮಗೆ ಶೋಭಿಸದು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು: 'ನಾಟಕದಲ್ಲಿ ಕುಣಿತಕ್ಕೆ ಅರ್ಥವೇನು? ಜನರನ್ನು ಸೆಳೆಯುವ ಗಾಳವಷ್ಟೆ.' ಭರತಮುನಿಯ ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ಋಷಿಗಳೂ ಇದನ್ನೇ ಕೇಳಿರುವರು. ಗೀತದ ಅರ್ಥಕ್ಕೆ ಸಂಬಂಧಿಸದ ನೃತ್ತವನ್ನು ಏಕೆ ಕಲ್ಪಿಸಲಾಯಿತೆಂಬುದು ಅವರ ಪ್ರಶ್ನೆಯು. ನೃತ್ತವು ಯಾವ ಪ್ರಯೋಜನವನ್ನೂ ಅಪೇಕ್ಷಿಸದು, ಅದು ಶೋಭೆಯನ್ನುಂಟುಮಾಡುವದು, ಲೋಕಕ್ಕೆ ಅದು ಸ್ವಭಾವತಃ ಪ್ರಿಯವು ಎಂದು ಮುನಿಯು ಸಮಾಧಾನ ಹೇಳಿರುವನು. ಶೋಭೆಯೊಂದೇ ಸಾಲದೆನ್ನುವವರು ಶಲವಡಿಯ ನೆರೆಯ ಅಣ್ಣಿಗೇರಿಯತ್ತ ತಿರುಗಲಿ. ಪಂಪನ ತಾಯಿ ಅಬ್ಬಣಬ್ಬೆಯು ಆ ಊರಿನ ಜೋಯಿಸ ಸಿಂಘನ ಮೊಮ್ಮಗಳೆಂದು ಕುರಿಕ್ಯಾಲದ ಶಾಸನವು ಸಾರುವದು. ೯೪೧ರಲ್ಲಿ ರಚಿತವಾದ ಆದಿಪುರಾಣದಲ್ಲಿ ನೀಲಾಂಜನೆಯು ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ತೀರುವದು. ಇಂದ್ರನು ರಸಭಂಗವಾಗದಂತೆ ಅಂಥವಳೇ ಇನ್ನೊಬ್ಬಳನ್ನು ಆ ಕ್ಷಣದಲ್ಲಿಯೇ ನಿಲ್ಲಿಸುವನು. ಸಭೆಗೆ ತಿಳಿಯದ ಆ ಭೇದವನ್ನು ಆದಿದೇವನೊಬ್ಬನು ಕಂಡು ವಿರಕ್ತನಾಗುವನು. ಪುರಾಣದ ಕಥೆಯೆಲ್ಲ ಆ ಕುಣಿತದ ಮೇಲೆಯೇ ತಿರುಗಿತಲ್ಲವೇ?

ಕಥೆಯನ್ನು ನಡುವೆ ನಿಲ್ಲಿಸಿ, ಸಿನೆಮಾದ ಹಾಡು ಹಚ್ಚಿ, ಸಂಬಂಧವಿಲ್ಲದೆ ಕುಣಿಸುವ ರೂಢಿಯು ನಮ್ಮ ಕಂಪನಿಗಳಲ್ಲಿ ಬೆಳೆದಿರುವದು ನಿಜವು. ಅದನ್ನು ನಾನು ಸಮರ್ಥಿಸುವವನಲ್ಲ. ಆದರೆ ಆ ದೋಷದ ಮೂಲವಾದರೂ ಎಲ್ಲಿರುವದು? ಕವಿತೆ ಕೆಟ್ಟರೆ ಕವಿಯನ್ನು ಹಳಿಯುವೆವು. ಕುಣಿತ ಕೆಟ್ಟರೆ ಯಾರನ್ನು ಹಳಿಯುವದು? ಹೆಸರಿಲ್ಲದವನಿಗೆ ಹೊಣೆಯೂ ಇಲ್ಲ. ಹೆಸರು ಅಚ್ಚಾಗುವದೆಂದು ತಿಳಿದವನು ಸಲ್ಲದ ಹೆಜ್ಜೆಯನ್ನು ಇಡಿಸುವಾಗ ಒಮ್ಮೆಯಾದರೂ ಅಳುಕುವನು.

ಮೂರನೆಯ ಪೂರ್ವಪಕ್ಷವು: 'ನಾಲ್ಕು ಹೆಜ್ಜೆ ಹೇಳಿಕೊಡುವದರಲ್ಲಿ ವಿದ್ಯೆಯೇನು?' ಹೀಗೆನ್ನುವವರು ಒಂದು ಸಂಜೆ ತಾಲೀಮಿನಲ್ಲಿ ಕುಳಿತು ನೋಡಲಿ. ನಮ್ಮ ಕಹರವಾ ತಾಳದಲ್ಲಿ ಸಮವು ಮೊದಲ ಮಾತ್ರೆಯ ಮೇಲಿರುವದು. ಭಜನೆಯಲ್ಲಿ ಬೆಳೆದ ಹುಡುಗನ ಕಾಲು ತಾನಾಗಿ ಅಲ್ಲಿಗೇ ಬಂದು ಬೀಳುವದು. ರಾಕ್ ಸಂಗೀತದ ನಾಲ್ಕು ಮಾತ್ರೆಗಳಲ್ಲಿ ಡ್ರಮ್ಮಿನ ಪೆಟ್ಟು ಸಾಮಾನ್ಯವಾಗಿ ಎರಡನೆಯ ಹಾಗೂ ನಾಲ್ಕನೆಯವುಗಳ ಮೇಲೆ ಬಲವಾಗಿರುವದು. ಆ ಕಾಲನ್ನು ಈ ಪೆಟ್ಟಿಗೆ ಒಗ್ಗಿಸುವದು ಒಂದು ದಿನದ ಮಾತಲ್ಲ. ಇದಲ್ಲದೆ ನಟನು ಕುಣಿಯುತ್ತಲೇ ಹಾಡಬೇಕು. ಆದುದರಿಂದ ನೆಗೆತವನ್ನು ಹಾಡಿನ ಚರಣಗಳ ನಡುವೆ ಇಟ್ಟು, ದೀರ್ಘಸ್ವರವಿರುವಲ್ಲಿ ಮೈಯನ್ನು ತಡೆದು, ಉಸಿರಿನ ಲೆಕ್ಕವಿಡಬೇಕು. ಸಣ್ಣ ತಂಡದಲ್ಲಿ ಎಂಟು ಜನರೇ ಒಂದು ಊರಾಗಿ ಕಾಣಬೇಕು. ನೆಲದ ಮೇಲೆ ಹರಿದ ವಿದ್ಯುತ್ತಿನ ತಂತಿಗಳನ್ನು ಯಾರೂ ತುಳಿಯಬಾರದು. ಇಷ್ಟೆಲ್ಲ ಕಟ್ಟಿದವನು ತಾನೂ ಪಾತ್ರಧಾರಿಯಾದರೆ ಕಷ್ಟವು ಇಮ್ಮಡಿಸುವದು. ಸಾಲಿನೊಳಗೆ ನಿಂತವನಿಗೆ ಸಾಲಿನ ಡೊಂಕು ಕಾಣಿಸದು. ಅವನು ತನ್ನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ, ಹೊರಗೆ ಬಂದು ನೋಡಿ, ತಿದ್ದಿ, ಮತ್ತೆ ಒಳಗೆ ಹೋಗಬೇಕಾಗುವದು.

ನಾಲ್ಕನೆಯ ಪೂರ್ವಪಕ್ಷವು: 'ಕುಣಿತವು ಗಾಳಿಯಂತೆ ಹಾರಿಹೋಗುವದು; ಅದಕ್ಕೆ ಕರ್ತೃವೆಲ್ಲಿ?' ಕಾಳಿದಾಸನಿಗೆ ಹಾಗೆನ್ನಿಸಲಿಲ್ಲ. ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರನ್ನು ಹೆಸರುಗೊಳಿಸಿ ರಂಗಕ್ಕೇ ತಂದು, ಅವರ ಮೇಲುಕೀಳಿನ ವಾದದಿಂದಲೇ ಕಥೆಯನ್ನು ನಡೆಯಿಸಿರುವನು. ಮಾಲವಿಕೆಯು ಕುಣಿದಾಗ ಗೆದ್ದವನು ಅವಳ ಗುರುವಾದ ಗಣದಾಸನು. ಇಂದಿನ ಕಾನೂನಿಗೂ ಹಾಗೆನ್ನಿಸಿಲ್ಲ. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯು ನೃತ್ಯಸಂಯೋಜನೆಯನ್ನು ನಾಟಕಕೃತಿಯೊಳಗೇ ಎಣಿಸಿರುವದು. ಆದರೆ ಅದು ಬರಹದಿಂದಲೋ ಬೇರೆ ರೀತಿಯಿಂದಲೋ ಸ್ಥಿರವಾಗಿ ದಾಖಲಾಗಿರಬೇಕೆಂಬ ಕಟ್ಟಳೆಯುಂಟು. ಕಾಯಿದೆಯು ಬಾಗಿಲು ತೆರೆದಿಟ್ಟಿದೆ. ಒಳಗೆ ಹೋಗಲು ಬೇಕಾದ ವಹಿಯನ್ನು ನಮ್ಮ ತಂಡಗಳು ಬರೆದಿಡುವದಿಲ್ಲ.

'ದೊಡ್ಡಾಟ, ಪಾರಿಜಾತಗಳಲ್ಲಿ ಹೆಜ್ಜೆ ಕಟ್ಟಿದವನ ಹೆಸರು ಯಾರು ಕೇಳಿದರು?' ಎಂದು ಕೆಲವರು ಕೇಳಬಹುದು. ಅಲ್ಲಿಯ ಹೆಜ್ಜೆಗಳು ತಲೆತಲಾಂತರದಿಂದ ಬಂದ ಊರ ಸೊತ್ತು. ಹಾಗಿದ್ದರೂ ಕಲಿಸಿದ ಮಾಸ್ತರನನ್ನು ಹಳ್ಳಿಗರು ಮರೆಯರು. ಅವನಿಗೆ ಆಹೇರ ಮಾಡಿ, ಹತ್ತು ಜನರ ಮುಂದೆ ಕೊಂಡಾಡುವರು. ಓದುಬರಹ ಬಲ್ಲ ಪಟ್ಟಣದವರಿಗೆ ಅಷ್ಟು ತಿಳಿಯಬಾರದೇ? ಮಗಳ ಭರತನಾಟ್ಯದ ರಂಗಪ್ರವೇಶದ ಆಮಂತ್ರಣದಲ್ಲಿ ಗುರುವಿನ ಹೆಸರನ್ನು ಬಂಗಾರದ ಅಕ್ಷರಗಳಲ್ಲಿ ಹಾಕಿಸುವ ಮನೆತನಗಳೇ, ಅದೇ ಮಗಳು ಗಿಟಾರಿನ ನಾಟಕದಲ್ಲಿ ಕುಣಿದಾಗ ಕುಣಿಸಿದವರಾರೆಂದು ಕೇಳುವದಿಲ್ಲ. ಅವರಿಗೊಂದು ನ್ಯಾಯ, ಇವರಿಗೊಂದು ನ್ಯಾಯವೇ?

ನಾನು ಬೇಡುವದು ಮೂರೇ ಸಂಗತಿಗಳು. ಕುಣಿತ ಕಟ್ಟಿದವರ ಹೆಸರು ಕವಿ, ಸಂಗೀತಗಾರರ ಸಾಲಿನಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ ಅಚ್ಚಾಗಲಿ. ಟಿಕೀಟಿನ ಹಣದಲ್ಲಿ ಅವರ ಪಾಲು ಮೊದಲೇ ನಿಶ್ಚಯವಾಗಲಿ. ಕುಣಿದುದಕ್ಕೆ ಬೇರೆ, ಕಟ್ಟಿದುದಕ್ಕೆ ಬೇರೆ. ಪ್ರತಿಯೊಂದು ತಂಡವು ಹೆಜ್ಜೆಗಳ ವಹಿಯೊಂದನ್ನು ಇಡಲಿ. ನಾಟಕದವರು ತಾವಾಗಿ ಇದನ್ನು ಮಾಡದಿದ್ದರೆ ಪ್ರೇಕ್ಷಕರು ಮಾಡಿಸಬೇಕು. ಕರಪತ್ರವು ಮನೆಗೆ ಬಂದಾಗ ಮೊದಲು ಆ ಹೆಸರನ್ನು ಹುಡುಕಿರಿ. ಇಲ್ಲದಿದ್ದರೆ ಟಿಕೀಟು ಕೊಳ್ಳುವ ಮೊದಲು ಬಾಗಿಲಲ್ಲಿ ನಿಂತವನನ್ನು ಕೇಳಿರಿ. ಹತ್ತು ಮನೆಯವರು ಕೇಳಿದರೆ ಮುಂದಿನ ಕರಪತ್ರದಲ್ಲಿ ಆ ಹೆಸರು ತಾನಾಗಿ ಬರುವದು.