ಎಣಿಸಿದ ಚೀಟಿ, ಕೇಳದ ಮಾತು



ಈ ಸಲದ ಅಂಕಣವನ್ನು ಒಂದು ತಪ್ಪೊಪ್ಪಿಗೆಯಿಂದ ಪ್ರಾರಂಭಿಸಬೇಕಾಗಿದೆ. ಅಹಮದಾಬಾದಿನಲ್ಲಿ ನಮ್ಮ ಸಂಘದ ಆಶ್ರಯದಲ್ಲಿ ನಡೆಯುತ್ತಿದ್ದ ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುವುದು ಕಡಿಮೆಯಾಗುತ್ತ ಬಂದಿತು. ಮುಂದುವರಿಸಬೇಕೋ ನಿಲ್ಲಿಸಬೇಕೋ ತಿಳಿಯದೆ ನಾವು ಮನೆಮನೆಗೆ ಒಂದೊಂದು ಚೀಟಿ ಕಳುಹಿಸಿದೆವು. ‘ತರಗತಿ ಬೇಕೆ? ಬೇಡವೆ?’ ಇದೊಂದೇ ಪ್ರಶ್ನೆ. ಹಿಂದಿರುಗಿ ಬಂದವುಗಳಲ್ಲಿ ‘ಬೇಡ’ ಎಂಬ ಚೀಟಿಗಳೇ ಹೆಚ್ಚಾಗಿದ್ದವು. ಎಣಿಸಿದೆವು, ಸಮಿತಿಯ ಮುಂದಿಟ್ಟೆವು, ‘ನಮ್ಮವರಿಗೆ ಭಾಷಾಭಿಮಾನವೇ ಇಲ್ಲ’ ಎಂದು ನಿಟ್ಟುಸಿರು ಬಿಟ್ಟು ತರಗತಿಯನ್ನು ನಿಲ್ಲಿಸಿದೆವು.

ಅನಂತರ ಬಂದ ಯುಗಾದಿಯ ಊಟದಲ್ಲಿ, ಧಾರವಾಡದ ಕಡೆಯ ತಾಯಿಯೊಬ್ಬರು ಹೋಳಿಗೆ ಬಡಿಸುತ್ತ ಬಂದವರು, ನಮ್ಮ ಎಲೆಯ ಮುಂದೆ ನಿಂತು ಹೀಗೆಂದರು: “ಬ್ಯಾಡ ಅಂತ ನಾನೂ ಬರದಿದ್ದೆ ಕಾಕಾರ. ಮನ್ಯಾಗ ನಾವು ಕನ್ನಡಾನ ಮಾತಾಡ್ತೇವಿ. ಆದ್ರ ಅಲ್ಲೆ ನಮ್ಮ ಹುಡುಗಿ ಬಾಯಿ ಬಿಟ್ಟರ ಉಳಿದ ಹುಡುಗರು ನಗತಾವ. ‘ಹಂಗಲ್ಲ, ಹಿಂಗ ಅನ್ನಬೇಕು’ ಅಂತ ಕಲಸವರೂ ತಿದ್ದತಾರ. ಅಕಿ ಒಲ್ಲೆ ಅಂತ ಕೂತಾಳ. ತರಗತಿ ಬ್ಯಾಡ ಅಂದೇನಿ, ಕನ್ನಡ ಬ್ಯಾಡ ಅಂದಿಲ್ಲರಿ!”

ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಎಣಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಅರ್ಥ ಮಾಡಿಕೊಂಡುದರಲ್ಲಿ ಮಾತ್ರ ಪೂರಾ ತಪ್ಪಿದ್ದೆವು.

ಈ ಸಂಗತಿಯನ್ನು ಈಗ ಬರೆಯುವುದಕ್ಕೆ ಕಾರಣವುಂಟು. ನಮ್ಮ ಮನೆಗಳ ಮಕ್ಕಳಲ್ಲಿ ಕೆಲವರು ಇಲ್ಲಿನ ಕಾಲೇಜುಗಳಲ್ಲಿ ಶುಶ್ರೂಷೆ, ಶಿಕ್ಷಣ, ಸಮಾಜಕಾರ್ಯ ಮುಂತಾದ ವಿಷಯಗಳನ್ನು ಓದುತ್ತಿದ್ದಾರೆ. ಪ್ರಬಂಧ ಬರೆಯುವ ಕಾಲಕ್ಕೆ ಫೋನಿನಲ್ಲಿ ಧ್ವನಿ ಹಿಡಿದಿಡುತ್ತ ಹತ್ತಾರು ಮನೆಗಳಿಗೆ ಹೋಗುತ್ತಾರೆ. ಕೇಳಿದ್ದನ್ನೆಲ್ಲ ಬರೆದು, ಕತ್ತರಿಸಿ, ವಿಂಗಡಿಸುತ್ತಾರೆ. ಇದಕ್ಕೆ ‘ಗುಣಾತ್ಮಕ ಸಂಶೋಧನೆ’ ಎಂದೂ ಅದರಲ್ಲಿನ ಒಂದು ಕ್ರಮಕ್ಕೆ ‘ಥೀಮ್ಯಾಟಿಕ್ ಅನಾಲಿಸಿಸ್’ ಎಂದೂ ಹೆಸರು. ಕನ್ನಡದಲ್ಲಿ ಆಶಯ ವಿಶ್ಲೇಷಣೆ ಎನ್ನೋಣ. ಹಿರಿಯರು ಇದನ್ನು ಕಂಡು, “ನಾಲ್ಕು ಮಂದಿಯ ಹರಟೆ ಕೇಳಿ ಬರೆದುಕೊಂಡರೆ ಅದೂ ಒಂದು ವಿದ್ಯೆಯೆ?” ಎನ್ನುತ್ತಾರೆ. ನಾವೂ ಹಾಗೆಯೇ ಎನ್ನುತ್ತಿದ್ದವರು. ಯುಗಾದಿಯ ಊಟವಾದ ಮೇಲೆ ಆ ಧೈರ್ಯ ಉಳಿದಿಲ್ಲ.

ಈ ವಿದ್ಯೆಯ ಕ್ರಮವನ್ನು ತಿಳಿಯಲು ಅಡುಗೆಮನೆಗಿಂತ ದೂರ ಹೋಗಬೇಕಾಗಿಲ್ಲ. ಅಕ್ಕಿ ಆರಿಸುವುದನ್ನು ನೆನೆದುಕೊಳ್ಳಿ. ಮೊದಲು ಮೊರದಲ್ಲಿ ಹರಡಿ ಸುಮ್ಮನೆ ನೋಡುತ್ತೇವೆ. ಬರೆದಿಟ್ಟ ಮಾತನ್ನು ಹಾಗೆಯೇ ಎರಡು ಮೂರು ಸಲ ಓದಬೇಕು. ಆಮೇಲೆ ಕಾಳು ಕಾಳಾಗಿ ಬೆರಳಾಡಿಸುತ್ತೇವೆ. ಪ್ರತಿಯೊಂದು ಮಾತಿನ ಪಕ್ಕದಲ್ಲಿ ಅದು ಏನನ್ನು ಹೇಳುತ್ತಿದೆ ಎಂದು ಚಿಕ್ಕದೊಂದು ಗುರುತು ಹಾಕಬೇಕು. ಮೂರನೆಯದಾಗಿ, ಒಂದೇ ಜಾತಿಯ ಗುರುತುಗಳನ್ನು ಗುಂಪುಗೂಡಿಸಬೇಕು. ನಾಲ್ಕನೆಯದಾಗಿ, ಗುಂಪು ಸರಿಯಾಯಿತೆ ಎಂದು ಮತ್ತೆ ಮೂಲದ ಮಾತಿಗೇ ಹೋಗಿ ಪರೀಕ್ಷಿಸಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮವರು ಹೇಳಿಲ್ಲವೆ? ಐದನೆಯದಾಗಿ, ಗುಂಪಿಗೆ ತಕ್ಕ ಹೆಸರಿಟ್ಟು ಅದರ ಎಲ್ಲೆ ಗೊತ್ತುಮಾಡಬೇಕು. ಕೊನೆಯದು ಬರವಣಿಗೆ. ಈ ಆರು ಹಂತಗಳನ್ನು ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಎಂಬ ಇಬ್ಬರು ವಿದುಷಿಯರು 2006ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ಒಬ್ಬರು ನ್ಯೂಜಿಲೆಂಡಿನವರು, ಇನ್ನೊಬ್ಬರು ಇಂಗ್ಲೆಂಡಿನವರು. ಇಬ್ಬರೂ ಮನಶ್ಶಾಸ್ತ್ರದವರಾದರೂ ಅವರ ಕ್ರಮವನ್ನು ಇಂದು ಆಸ್ಪತ್ರೆ, ಶಾಲೆ, ಕೇರಿ ಎಲ್ಲೆಡೆಯೂ ಬಳಸುತ್ತಾರೆ.

ಆ ವಿದುಷಿಯರು ಒತ್ತಿ ಹೇಳುವ ಮಾತೊಂದಿದೆ. ‘ಈ ಆಶಯಗಳು ತಾವಾಗಿಯೇ ಹೊರಹೊಮ್ಮಿದವು’ ಎಂದು ಬರೆಯಬೇಡಿ ಎನ್ನುತ್ತಾರೆ. ಕಲ್ಲೂ ಅಕ್ಕಿಯೂ ತಾವಾಗಿಯೇ ಬೇರೆಯಾಗುವುದುಂಟೆ? ಆರಿಸಿದ ಕೈ ಯಾರದೆಂದು ಹೇಳಬೇಕು. ಆ ಕೈ ತಪ್ಪಬಹುದೆಂದೂ ಒಪ್ಪಿಕೊಳ್ಳಬೇಕು. ‘ಭಾಷಾಭಿಮಾನವಿಲ್ಲ’ ಎಂಬುದು ನಮ್ಮ ಚೀಟಿಗಳಲ್ಲಿ ಇರಲೇ ಇಲ್ಲ. ಅದು ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದದ್ದು.

ಈ ವಿದ್ಯೆಗೂ ನಮ್ಮ ವಡೋದರಾಕ್ಕೂ ಒಂದು ನಂಟಿದೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವು ಅದನ್ನು ಮರೆತಿದ್ದೇವೆ. 1951ರಲ್ಲಿ ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಲು ಬಂದವರು ಮೈಸೂರಿನ ಪ್ರೊ. ಎಂ. ಎನ್. ಶ್ರೀನಿವಾಸರು. 1959ರಲ್ಲಿ ದೆಹಲಿಗೆ ತೆರಳುವವರೆಗೆ ಅವರು ಅಲ್ಲಿದ್ದರು. ಅದಕ್ಕೆ ಮುಂಚೆ, 1948ರಲ್ಲಿ, ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಮನೆ ಮಾಡಿ, ಅಲ್ಲಿನ ಒಕ್ಕಲುತನ, ಜಗಳ, ಪಂಚಾಯಿತಿ, ಮದುವೆ, ಹಬ್ಬ ಎಲ್ಲವನ್ನೂ ಕಂಡು ಕೇಳಿ ಬರೆದುಕೊಂಡಿದ್ದರು. 1952ರ ಬೇಸಗೆಯಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋಗಿ ಬಂದರು. ಊರಿನವರಿಗೆ ತೊಂದರೆಯಾಗಬಾರದೆಂದು ಬರವಣಿಗೆಯಲ್ಲಿ ಹಳ್ಳಿಗೆ ‘ರಾಮಪುರ’ ಎಂದು ಬೇರೆ ಹೆಸರಿಟ್ಟರು.

ಆ ಟಿಪ್ಪಣಿಗಳನ್ನು ಅವರು ವಿಷಯವಾರು ವಿಂಗಡಿಸುತ್ತ ಹೋದುದು ಹದಿನೆಂಟು ವರ್ಷ. 1970ರಲ್ಲಿ, ಪುಸ್ತಕ ಬರೆಯಲೆಂದು ಅಮೆರಿಕೆಯ ಸ್ಟಾನ್‌ಫರ್ಡಿನ ಒಂದು ಅಧ್ಯಯನ ಕೇಂದ್ರದಲ್ಲಿದ್ದಾಗ, ಏಪ್ರಿಲ್ 24ರಂದು ಕಿಡಿಗೇಡಿಗಳು ಅಲ್ಲಿಗೆ ಬೆಂಕಿಯಿಟ್ಟರು. ವಿಂಗಡಿಸಿದ ಟಿಪ್ಪಣಿಯ ಮೂರು ಪ್ರತಿಗಳೂ ಅವರ ಕೋಣೆಯಲ್ಲಿಯೇ ಇದ್ದವು, ಮೂರೂ ಸುಟ್ಟುಹೋದವು. ಹಳ್ಳಿಯಲ್ಲಿ ಬರೆದ ಮೂಲ ಟಿಪ್ಪಣಿ ದೆಹಲಿಯಲ್ಲಿ ಉಳಿದಿತ್ತು. ಸುಟ್ಟದ್ದು ಹದಿನೆಂಟು ವರ್ಷದ ಆರಿಸುವಿಕೆ. ಸೋಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು ನೆನಪಿನಿಂದಲೇ ಬರೆಯಿರೆಂದು ಸೂಚಿಸಿದರು. ಹಾಗೆ ಹುಟ್ಟಿದ ಪುಸ್ತಕ 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಹೆಸರಿನಿಂದ ಪ್ರಕಟವಾಯಿತು.

ಇದರಿಂದ ನೆನಪೊಂದಿದ್ದರೆ ಸಾಕು, ಟಿಪ್ಪಣಿ ಬೇಡ ಎಂದು ತಿಳಿಯಬಾರದು. ಹದಿನೆಂಟು ವರ್ಷ ಒಂದೇ ಅಕ್ಕಿಯಲ್ಲಿ ಬೆರಳಾಡಿಸಿದವರಿಗೆ ಕಾಳಿನ ಗುರುತು ಕೈಯಲ್ಲಿಯೇ ನೆಲೆಸಿತ್ತು. ಹಳ್ಳಿಯ ನೂರಾರು ಸಣ್ಣ ಸಂಗತಿಗಳಿಂದ ಅವರು ತೆಗೆದ ಆಶಯಗಳಲ್ಲಿ ‘ಪ್ರಬಲ ಜಾತಿ’ ಎಂಬುದೊಂದು. ಶಾಸ್ತ್ರದ ಮೆಟ್ಟಿಲಿನಲ್ಲಿ ಮೇಲಿಲ್ಲದಿದ್ದರೂ ಭೂಮಿ, ಜನಬಲಗಳಿಂದ ಊರನ್ನು ಆಳುವ ಜಾತಿ ಎಂದು ಅದರ ಅರ್ಥ. ಹಳ್ಳಿಯವರು ಯಾರೂ ಆ ಪದವನ್ನು ಆಡಿರಲಾರರು; ಆದರೆ ಅವರು ಆಡಿದುದೆಲ್ಲ ಅದರಲ್ಲಿ ಇದೆ. ಒಳ್ಳೆಯ ಆಶಯದ ಲಕ್ಷಣವೇ ಇದು. ‘ಜಾತಿ’ ಎಂಬುದು ಬರಿಯ ವಿಷಯ. ಯಾವ ಜಾತಿ ಏತರಿಂದ ಊರನ್ನು ಆಳುತ್ತದೆ ಎಂದು ಹೇಳಿದಾಗ ಅದು ಆಶಯವಾಗುತ್ತದೆ.

ವಡೋದರಾದ ಅದೇ ವಿಭಾಗದಲ್ಲಿದ್ದ ಪ್ರೊ. ಐ. ಪಿ. ದೇಸಾಯರು ಸೌರಾಷ್ಟ್ರದ ಮಹುವಾ ಎಂಬ ಸಣ್ಣ ಪಟ್ಟಣದ ಕುಟುಂಬಗಳ ಬಗೆಗೆ 1964ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಒಲೆಗಳನ್ನು ಎಣಿಸಿದರೆ ಅವಿಭಕ್ತ ಕುಟುಂಬ ಒಡೆದುಹೋಯಿತೆಂದು ಕಾಣುತ್ತದೆ. ಆಸ್ತಿ, ಹಣದ ಸಹಾಯ, ಕಷ್ಟಸುಖದ ಹೊಣೆ ಇವುಗಳನ್ನು ವಿಚಾರಿಸಿದರೆ, ಒಲೆ ಬೇರೆಯಾದರೂ ಮನೆ ಒಂದೇ ಆಗಿರಬಹುದೆಂದು ತಿಳಿಯುತ್ತದೆ. ಊರಿನಲ್ಲಿರುವ ತಮ್ಮನ ಮಗಳ ಓದಿಗೆ ತಿಂಗಳು ತಿಂಗಳು ಹಣ ಕಳುಹಿಸುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಲ್ಲಿಯೂ ದೇಸಾಯರ ಕೆಲಸ ಎಣಿಕೆಯನ್ನು ಬಿಟ್ಟುದಲ್ಲ. ಏನನ್ನು ಎಣಿಸಬೇಕೆಂಬುದನ್ನು ಮೊದಲು ವಿಚಾರಮಾಡಿದ್ದು. ಮುಂದೆ 1969ರಲ್ಲಿ ಸೂರತ್ತಿನಲ್ಲಿ, ಇಂದು ಸೆಂಟರ್ ಫಾರ್ ಸೋಷಿಯಲ್ ಸ್ಟಡೀಸ್ ಎನಿಸಿಕೊಂಡಿರುವ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ.

ಸೂರತ್ತಿನ ಹೆಸರು ಬಂದಾಗ 1994ರ ಸೆಪ್ಟೆಂಬರ್ ನೆನಪಾಗದೆ ಇರದು. ಪ್ಲೇಗು ಎಂಬ ಸುದ್ದಿ ಹಬ್ಬಿ, ಕೆಲವೇ ದಿನಗಳಲ್ಲಿ ಲಕ್ಷಾಂತರ ಮಂದಿ ರೈಲು, ಬಸ್ಸು ಸಿಕ್ಕಿದಂತೆ ಊರು ಬಿಟ್ಟರು. ರೋಗಿಗಳೆಷ್ಟು, ಮಾತ್ರೆಗಳೆಷ್ಟು ಎಂಬುದನ್ನು ಎಣಿಸಬಹುದು. ಆದರೆ ಔಷಧವುಳ್ಳ ರೋಗಕ್ಕೆ ಊರಿಗೆ ಊರೇ ಏಕೆ ಓಡಿತು? ರೋಗದ ಭಯವೋ, ಆಸ್ಪತ್ರೆಯ ಮೇಲಿನ ಅಪನಂಬಿಕೆಯೋ, ಸತ್ತರೆ ಪರವೂರಿನಲ್ಲಿ ಮಣ್ಣು ಮಾಡುವವರಿಲ್ಲವೆಂಬ ದುಃಖವೋ? ಓಡಿದವರನ್ನು ಕೂರಿಸಿ ಕೇಳದೆ ಇದು ತಿಳಿಯದು. ಒಂದೊಂದು ಉತ್ತರಕ್ಕೂ ಚಿಕಿತ್ಸೆ ಬೇರೆ: ಒಂದಕ್ಕೆ ಔಷಧ, ಒಂದಕ್ಕೆ ನಂಬಿಕೆ, ಒಂದಕ್ಕೆ ಬಂಧುಬಳಗ. ಇಂತಹ ಕೇಳುವಿಕೆ ಆರೋಗ್ಯ ಶಾಸ್ತ್ರದ ಅಲಂಕಾರವಲ್ಲ, ಅದರ ಒಂದು ಭಾಗವೇ.

ಈಗ ನಮ್ಮ ತರಗತಿಗೆ ಮರಳೋಣ. ಯುಗಾದಿಯ ದಿನ ಕೇಳಿದ್ದು ಒಂದೇ ಮನೆಯ ಮಾತೋ ಎಂದು ತಿಳಿಯಲು, ಬೇರೆ ಕೆಲಸಕ್ಕೆ ಹೋದಾಗ ಉಳಿದೆರಡು ಊರುಗಳಲ್ಲಿಯೂ ವಿಚಾರಿಸಿದೆವು. ವಡೋದರಾದಲ್ಲಿ ಹೋಟೆಲು ನಡೆಸುವ, ಉಡುಪಿಯ ಕಡೆಯ ಮಹನೀಯರೊಬ್ಬರು ಹೇಳಿದರು: “ನಮ್ಮದು ಮನೆಯಲ್ಲಿ ತುಳು ಮಾರಾಯ್ರೆ. ನಮಗೂ ಕನ್ನಡ ಬಂದದ್ದು ಶಾಲೆಗೆ ಹೋದ ಮೇಲೆಯೇ. ಹುಡುಗನಿಗೆ ಗುಜರಾತಿ, ಹಿಂದಿ, ಇಂಗ್ಲಿಷು ಅಂತ ಮೂರು ಲಿಪಿ ಈಗಾಗಲೇ ಉಂಟು. ನಾಲ್ಕನೆಯದು ಕಲಿ ಅಂತ ಹೇಳ್ಲಿಕ್ಕೆ ನನಗೇ ಮುಜುಗರ ಆಗ್ತದೆ.” ಸೂರತ್ತಿನಲ್ಲಿ ಮೈಸೂರು ಸೀಮೆಯ ಅಜ್ಜಿಯೊಬ್ಬರು ಹೇಳಿದರು: “ನನ್ನ ಹತ್ರ ಮೊಮ್ಮಗ ಚೆನ್ನಾಗೇ ಮಾತಾಡ್ತಾನಪ್ಪ. ಊರಿಗೆ ಕರ್ಕೊಂಡು ಹೋದ್ರೆ ಅಲ್ಲಿನ ಹುಡುಗರು ‘ಗುಜರಾತಿ ಬಂದ’ ಅಂತ ಆಡ್ಕೋತಾರೆ. ಇವನು ತುಟಿ ಪಿಟಕ್ ಅನ್ನಲ್ಲ.”

ಮೂರು ಮಾತನ್ನೂ ಮೊರದಲ್ಲಿ ಹಾಕಿ ನೋಡಿರಿ. ಹುಡುಗಿ ತರಗತಿಯಲ್ಲಿ ನಗುವಿಗೆ ಅಂಜುತ್ತಾಳೆ. ಹುಡುಗ ಊರಿನಲ್ಲಿ ನಗುವಿಗೆ ಅಂಜುತ್ತಾನೆ. ಇಬ್ಬರಿಗೂ ಕನ್ನಡ ಬರುತ್ತದೆ, ಮನೆಯಲ್ಲಿ ಆಡುತ್ತಾರೆ. ತೂಕ ಹಾಕುವವರ ಎದುರಿನಲ್ಲಿ ಮಾತ್ರ ಬಾಯಿ ಕಟ್ಟುತ್ತದೆ. ಇದು ಒಂದು ಆಶಯ. ಹೋಟೆಲಿನವರ ಮಾತನ್ನು ಇದೇ ಗುಂಪಿಗೆ ಸೇರಿಸಿಬಿಡಬೇಕೆಂದು ಆಸೆಯಾಗುತ್ತದೆ, ‘ಮುಜುಗರ’ ಎಂದರಲ್ಲ! ಆದರೆ ಅವರದು ಮಗನ ಮೇಲೆ ಹೊರೆ ಹೊರಿಸುವ ಮುಜುಗರ; ನಗೆಪಾಟಲಿನ ಭಯವಲ್ಲ. ಅವರನ್ನು ಬೇರೆಯಾಗಿಯೇ ಬಿಡಬೇಕು. ಹೊಂದದ ಮಾತನ್ನು ಹೊಂದಿಸದೆ ಬಿಡುವುದೇ ಈ ವಿದ್ಯೆಯ ಪ್ರಾಮಾಣಿಕತೆ. ಚೀಟಿಯಲ್ಲಿ ಒಂದೇ ಆಗಿದ್ದ ‘ಬೇಡ’ದಲ್ಲಿ ಎಷ್ಟು ಬಗೆ ಅಡಗಿರಬಹುದು, ನೋಡಿದಿರಾ? ಮೂರು ಮನೆಗಳಿಂದ ಎಲ್ಲ ಮನೆಗಳ ಮಾತನ್ನು ಹೇಳಲಾಗದು, ನಿಜ. ಆದರೆ ಮುಂದಿನ ಪ್ರಶ್ನೆ ಯಾವುದೆಂಬುದಂತೂ ತಿಳಿಯಿತು.

ಇಂದು ಗಣಕಯಂತ್ರಗಳು ರಾಶಿ ರಾಶಿ ಮಾತನ್ನು ನಿಮಿಷದಲ್ಲಿ ವಿಂಗಡಿಸಿ ಕೊಡುತ್ತವೆ. ಕೊಡಲಿ, ಸಂತೋಷ. ‘ಮುಜುಗರ’ವನ್ನು ‘ನಾಚಿಕೆ’ ಎಂದು ಬರೆದುಕೊಂಡರೆ ಒಂದು ಅರ್ಥ, ‘ಅವಮಾನ’ ಎಂದು ಬರೆದುಕೊಂಡರೆ ಮತ್ತೊಂದು. ಆ ತಂದೆಯ ಮುಖ ನೋಡಿ ಕೇಳಿದವರೇ ಇದಕ್ಕೆ ಹೊಣೆ.

ಆದುದರಿಂದ, ಓದುವ ಮಕ್ಕಳು ನಿಮ್ಮ ಮನೆಗೆ ಬಂದರೆ ಕಾಫಿ ಕೊಟ್ಟು ಕೂರಿಸಿ. ಏತಕ್ಕಾಗಿ ಕೇಳುತ್ತಿದ್ದೀರಿ, ಧ್ವನಿ ಯಾರ ಬಳಿ ಉಳಿಯುತ್ತದೆ, ಹೆಸರು ಮರೆಯಲ್ಲಿರುತ್ತದೆಯೆ ಎಂದು ಕೇಳಿ. ಅದು ನಿಮ್ಮ ಹಕ್ಕು. ಉತ್ತರಿಸಲು ಇಷ್ಟವಿಲ್ಲದ ಪ್ರಶ್ನೆಗೆ ‘ಇಲ್ಲ’ ಎನ್ನುವುದೂ ನಿಮ್ಮ ಹಕ್ಕೇ. ಮಕ್ಕಳಿಗೆ ನಮ್ಮ ಮಾತು ಇಷ್ಟೇ: ನೀವು ತೆಗೆದ ಆಶಯವನ್ನು ಸಾಧ್ಯವಾದರೆ ಹೇಳಿದವರಿಗೆ ಒಮ್ಮೆ ಓದಿ ತೋರಿಸಿ. “ಅಂದದ್ದು ಹೌದು, ಅರ್ಥ ಅದಲ್ಲ” ಎಂದು ಅವರು ಹೇಳಬಹುದು.

ಭಾನುವಾರದ ತರಗತಿಯನ್ನು ಮತ್ತೆ ತೆರೆಯಬೇಕೆಂದು ಸಮಿತಿಗೆ ಬಿನ್ನವಿಸಿದ್ದೇವೆ. ಮೊದಲ ಕೆಲವು ತಿಂಗಳು ಪುಸ್ತಕ ಬೇಡ, ತಿದ್ದುವುದೂ ಬೇಡ; ಒಂದೊಂದು ವಾರ ಒಂದೊಂದು ಮಗು ತನ್ನ ಮನೆಯ ಕನ್ನಡದಲ್ಲಿಯೇ ಕಥೆ ಹೇಳಲಿ. ಧಾರವಾಡದ್ದಾಗಲಿ, ಮೈಸೂರಿನದಾಗಲಿ, ತುಳು ಬೆರೆತದ್ದಾಗಲಿ, ಉಳಿದವರು ಕೇಳಲಿ ಎಂಬುದು ನಮ್ಮ ಸಲಹೆ. ಇದು ಸರಿಯೊ ತಪ್ಪೊ ನೀವು ಹೇಳಬೇಕು. ಈ ಸಲ ಚೀಟಿ ಕಳುಹಿಸುವುದಿಲ್ಲ. ಒಂದು ಹಾಳೆ ತೆಗೆದುಕೊಂಡು, ನಿಮ್ಮ ಮನೆಯಲ್ಲಿ ಮಗು ಯಾವಾಗ ಕನ್ನಡ ಆಡುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂಬುದನ್ನು ನಿಮ್ಮ ಮಾತಿನಲ್ಲಿಯೇ ಬರೆದು ಕಳುಹಿಸಿ. ಹೆಸರು ಅಚ್ಚಿಸುವುದಿಲ್ಲ. ಬಂದ ಕಾಗದಗಳನ್ನೆಲ್ಲ ಎರಡೆರಡು ಸಲ ಓದುತ್ತೇವೆ. ಎಣಿಸುವ ಕೆಲಸ ಆಮೇಲೆ.