ಕೊಟ್ಟಿಗೆಗೆ ಬಂದ ಮೋಟಾರು

ಗಣಪತಿಯ ವಾಹನಕ್ಕೂ ಗೃಹಸ್ಥನ ವಾಹನಕ್ಕೂ ಈಚೆಗೆ ಆಗಿಬರುತ್ತಿಲ್ಲ. ಆಯುಧಪೂಜೆಯ ದಿನ ಕಾರನ್ನು ತೊಳೆದು, ಕುಂಕುಮವಿಟ್ಟು, ಚಕ್ರದಡಿಗೆ ನಿಂಬೆಹಣ್ಣು ಕೊಟ್ಟು, ಕೈಮುಗಿದು ನಿಲ್ಲಿಸುತ್ತೇವೆ. ನಾಲ್ಕು ದಿನ ಬಿಟ್ಟು ಕೀಲಿ ತಿರುಗಿಸಿದರೆ ಅದು ಉಸಿರೆತ್ತುವುದಿಲ್ಲ. ಬಾನೆಟ್ಟನ್ನೆತ್ತಿ ನೋಡಿದರೆ ಒಳಗೆ ಭತ್ತದ ಹೊಟ್ಟು, ಹರಿದ ಚಿಂದಿ, ಕರಿಯ ಹಿಕ್ಕೆ. ನಡುವೆ ಸಿಪ್ಪೆ ಸುಲಿದ ತಾಮ್ರದ ಎಳೆಗಳು. ‘ಇಲಿ ಕಡಿದಿದೆ’ ಎಂದು ಮೆಕ್ಯಾನಿಕ್ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾನೆ.

ಇದನ್ನು ನಗೆಯ ಮಾತೆಂದು ತಳ್ಳಿಹಾಕುವವರು ಒಮ್ಮೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಒಳಹಳ್ಳಿಗಳಿಗೆ ಬರಬೇಕು. ಕೆಲವು ಕೇರಿಗಳಲ್ಲಿ ಇರುವುದೇ ಒಂದೆರಡು ವಾಹನ. ಅವೇ ಸಂತೆಗೂ ಹೋಗಬೇಕು, ಮದುವೆಗೂ ಹೋಗಬೇಕು. ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ದೊಡ್ಡ ಊರಿನ ಆಸ್ಪತ್ರೆಗೂ ಮುಟ್ಟಿಸಬೇಕು. ಅಂಥ ರಾತ್ರಿ ಕೀಲಿ ತಿರುಗಿಸಿದರೂ ಎಂಜಿನ್ನು ಮೂಕವಾಗಿ ಕುಳಿತರೆ, ಇಲಿಯ ಉಪದ್ರವ ಚೇಷ್ಟೆಯ ಮಾತಾಗಿ ಉಳಿಯುವುದಿಲ್ಲ.

1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಒಂದು ಕಡೆ ಭದ್ರಾ ನಾಲೆಯ ಭತ್ತ ಮತ್ತು ಅಡಿಕೆಯ ತೋಟ. ಇನ್ನೊಂದು ಕಡೆ ಮಳೆಯನ್ನೇ ನೆಚ್ಚಿದ ಜಗಳೂರಿನ ಮೆಕ್ಕೆಜೋಳ, ಶೇಂಗಾ. ನೀರು ಬೇರೆ, ಮಣ್ಣು ಬೇರೆ. ಇಲಿಯ ಕಾಟ ಮಾತ್ರ ಒಂದೇ. ಕೊಯ್ಲು ಮುಗಿದು ಹೊಲ ಬರಿದಾದೊಡನೆ ಕಾಳು ಮನೆಗೆ ಬರುತ್ತದೆ, ಕಾಳಿನ ಹಿಂದೆ ಇಲಿಯೂ ಬರುತ್ತದೆ.

ಇಲಿಯ ಪಕ್ಷವನ್ನೂ ಒಂದಿಷ್ಟು ಕೇಳುವುದು ನ್ಯಾಯ. ಅದರ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಕಡಿದು ಸವೆಸದಿದ್ದರೆ ಅದಕ್ಕೆ ಬಾಯಿ ಮುಚ್ಚಲೂ ಆಗದು, ಉಣ್ಣಲೂ ಆಗದು. ತಂತಿಯ ಹೊದಿಕೆಯಲ್ಲಿ ಈಗ ಸೋಯಾ ಅಂಶ ಬೆರೆತಿರುವುದರಿಂದಲೇ ಇಲಿ ಮುತ್ತುತ್ತದೆಂದು ಅಮೆರಿಕದಲ್ಲಿ ವಾಹನಗಳ ಒಡೆಯರು ಕೆಲವು ಕಂಪನಿಗಳ ಮೇಲೆ ದಾವೆ ಹೂಡಿದ್ದುಂಟು. ಆದರೆ ಸೋಯಾದ ಸೋಂಕಿಲ್ಲದ ಹಳೆಯ ವಿದ್ಯುತ್ ತಂತಿಯನ್ನಾಗಲಿ ಟೆಲಿಫೋನ್ ತಂತಿಯನ್ನಾಗಲಿ ಇಲಿ ಎಂದು ಬಿಟ್ಟಿತ್ತು? ಅದಕ್ಕೆ ಬೇಕಾದದ್ದು ರುಚಿಗಿಂತ ಹೆಚ್ಚಾಗಿ ಹಲ್ಲಿಗೆ ಕೆಲಸ. ಅದರ ಜೊತೆಗೆ ಬೆಚ್ಚಗಿನ, ಕತ್ತಲೆಯ, ಬೆಕ್ಕು ನುಗ್ಗಲಾರದ ಒಂದು ಮೂಲೆ. ಈಗಷ್ಟೇ ಓಡಿ ಬಂದು ನಿಂತ ಎಂಜಿನ್ನಿಗಿಂತ ಅನುಕೂಲವಾದ ಬಾಣಂತಿಕೋಣೆ ಅದಕ್ಕೆ ಇನ್ನೆಲ್ಲಿ ಸಿಕ್ಕೀತು?

ನನ್ನ ಅಭಿಪ್ರಾಯ ಇಷ್ಟೇ: ತಪ್ಪು ಇಲಿಯದಕ್ಕಿಂತ ನಮ್ಮದೇ ಹೆಚ್ಚು. ನಾವು ಎತ್ತನ್ನು ಮಾರಿ ಕೊಟ್ಟಿಗೆಯಲ್ಲಿ ಮೋಟಾರನ್ನು ಕಟ್ಟಿದೆವು. ಮಗ್ಗುಲಲ್ಲಿ ಕಾಳಿನ ಚೀಲ, ಹಿಂದೆ ಹುಲ್ಲಿನ ಬಣವೆ, ಮೊದಲಿನಂತೆಯೇ. ಆದರೆ ಎತ್ತು ಕಾಲು ಬಡಿಯುತ್ತಿತ್ತು, ಬಾಲ ಬೀಸುತ್ತಿತ್ತು. ಮನೆಯ ಯಜಮಾನ ಮಲಗುವ ಮುಂಚೆ ಲಾಂದ್ರ ಹಿಡಿದು ಬಂದು ಅದರ ಮೈದಡವಿ ಹೋಗುತ್ತಿದ್ದ. ಮೋಟಾರಿಗೆ ಆ ಭಾಗ್ಯವಿಲ್ಲ. ಅದನ್ನು ನಿಲ್ಲಿಸಿದ ಮೇಲೆ ಮತ್ತೆ ಬೇಕಾಗುವವರೆಗೆ ನಾವು ಅದರ ಮುಖ ನೋಡುವುದಿಲ್ಲ. ಹಳೆಯ ಲಾರಿಯಲ್ಲಿ ಬೆರಳಿನಲ್ಲಿ ಎಣಿಸಬಹುದಾದಷ್ಟು ತಂತಿಗಳಿದ್ದವು. ಕಡಿದರೆ ಗಂಟು ಹಾಕಿ ಹೊರಡಬಹುದಾಗಿತ್ತು. ಈಗಿನ ಕಾರಿನ ತಂತಿಗಳನ್ನು ಬಿಡಿಸಿ ಜೋಡಿಸಿದರೆ ಕಿಲೋಮೀಟರಿನ ಲೆಕ್ಕಕ್ಕೆ ಹೋಗುತ್ತದೆ. ಅದರಲ್ಲಿ ಯಾವುದೋ ಎಳೆ ಬ್ರೇಕಿಗೆ, ಯಾವುದೋ ಎಳೆ ಇಂಧನಕ್ಕೆ ಸಂಬಂಧಿಸಿದ್ದು. ಸಿಪ್ಪೆ ಸುಲಿದ ಎರಡು ತಂತಿಗಳು ಒಂದನ್ನೊಂದು ತಾಕಿದರೆ ಬೆಂಕಿಯೂ ಹೊತ್ತಬಹುದು.

ಆದರೂ ನಾವು ಹುಡುಕುವುದು ಸುಲಭದ ಉಪಾಯವನ್ನೇ. ಕುವೆಂಪು ಅವರ ಕಿಂದರಿಜೋಗಿ ತುಂಗೆಯ ದಡದ ಬೊಮ್ಮನಹಳ್ಳಿಯ ಇಲಿಗಳನ್ನು ನಾದದಿಂದಲೇ ಹೊಳೆಯ ಪಾಲು ಮಾಡಿದ. ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುತ್ತದೆ. ಈಗ ಅಂಗಡಿಯಲ್ಲಿ ಕಿಂದರಿಯೂ ಮಾರಾಟಕ್ಕಿದೆ: ಮನುಷ್ಯನ ಕಿವಿಗೆ ಕೇಳಿಸದ ಸದ್ದು ಮಾಡುವ ಪುಟ್ಟ ಯಂತ್ರ. ಇಲಿ ಎರಡು ದಿನ ಬೆದರಬಹುದು, ಆಮೇಲೆ ಒಗ್ಗಿಕೊಳ್ಳುತ್ತದೆ; ಆ ಸದ್ದು ಅಡ್ಡಬಂದ ವಸ್ತುವನ್ನು ದಾಟಿ ಹೋಗುವುದೂ ಕಷ್ಟ. ಹೊಗೆಸೊಪ್ಪಿನ ಗಂಟು, ನುಸಿಗುಳಿಗೆಗಳ ವಾಸನೆಯೂ ಅಷ್ಟೇ, ಆರುವವರೆಗೆ ಮಾತ್ರ. ನುಸಿಗುಳಿಗೆಯ ಆವಿ ಕಾರಿನೊಳಗೆ ಕುಳಿತವರಿಗೂ ಒಳ್ಳೆಯದಲ್ಲ. ಖಾರದ ಮಾತು ಬೇರೆ. ಮೆಣಸಿನಕಾಯಿಯ ಖಾರದ ಅಂಶವನ್ನು ಲೇಪಿಸಿದ ಪಟ್ಟಿಯನ್ನು ಜಪಾನಿನ ಹೊಂಡಾ ಕಂಪನಿಯೇ ತಂತಿಗೆ ಸುತ್ತಲೆಂದು ಮಾರುತ್ತದೆ. ಅದು ತಕ್ಕಮಟ್ಟಿನ ರಕ್ಷಣೆ. ನಮ್ಮ ಅಲಕ್ಷ್ಯಕ್ಕೆ ಮದ್ದಲ್ಲ.

ವಿಷವಿಡುವವರಿಗೆ ನನ್ನದೊಂದು ಆಕ್ಷೇಪವಿದೆ. ವಿಷವುಂಡು ತೂರಾಡುವ ಇಲಿ ಗೂಬೆಗೂ ಬೆಕ್ಕಿಗೂ ಸುಲಭದ ಬೇಟೆ. ಬೇಟೆಯೊಡನೆ ವಿಷವೂ ಅವುಗಳ ಹೊಟ್ಟೆ ಸೇರಬಹುದು. ಕೂಲಿ ಕೇಳದೆ ಹೊಲ ಕಾಯುವ ಗೂಬೆಯನ್ನೂ ಕೇರೆಹಾವನ್ನೂ ನಾವೇ ಕೊಂದು, ಆಮೇಲೆ ಇಲಿ ಹೆಚ್ಚಿತೆಂದು ಗೋಳಾಡುವುದು ಯಾವ ವಿವೇಕ? ಅಂಗಳದಲ್ಲಿ ಆಡುವ ಮಕ್ಕಳ ಕೈಗೆ ಆ ಉಂಡೆ ಸಿಕ್ಕಿದರಂತೂ ಮಾತೇ ಬೇಡ. ಹಿಡಿಯಲೇಬೇಕೆಂದರೆ ಬೋನಿದೆ.

ಹಾಗಾದರೆ ಮಾಡತಕ್ಕದ್ದೇನು? ಕಾಳನ್ನೂ ಮೋಟಾರನ್ನೂ ಒಂದೇ ಸೂರಿನಡಿ ಇಡಬಾರದು. ಬಣವೆಯಿಂದ, ಕಸದ ರಾಶಿಯಿಂದ ವಾಹನ ದೂರ ನಿಲ್ಲಬೇಕು. ಚೀಲ ಹೇರಿ ತಂದ ದಿನ ಚೆಲ್ಲಿದ ಕಾಳನ್ನು ಗುಡಿಸಬೇಕು. ಮಕ್ಕಳು ತಿಂದುಳಿಸಿದ ತಿಂಡಿಯನ್ನು ಕಾರಿನಲ್ಲಿ ಬಿಡಬಾರದು. ಒಳಕ್ಕೆ ಗಾಳಿ ಹೋಗುವ ಕಂಡಿಗಳಿಗೆ ಕಾಲಂಗುಲದ ಕಣ್ಣಿನ ತಂತಿಜಾಲರಿ ಹಾಕಿಸಬೇಕು. ರಾತ್ರಿ ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ ಬಾನೆಟ್ಟನ್ನು ತೆರೆದಿಟ್ಟರೆ ಶಾಖವೂ ಆರುತ್ತದೆ, ಇಲಿಯ ಗುಟ್ಟೂ ಕೆಡುತ್ತದೆ. ವಾಹನವನ್ನು ವಾರಗಟ್ಟಲೆ ನಿಲ್ಲಿಸದೆ ಆಗಾಗ ಓಡಿಸಬೇಕು. ಗೂಡು ಕಂಡರೆ ಅಂದೇ ತೆಗೆಯಬೇಕು. ಕಡಿದ ತಂತಿಗೆ ಬರಿಯ ಅಂಟುಪಟ್ಟಿ ಸುತ್ತಿ ‘ಸದ್ಯಕ್ಕೆ ನಡೆಯುತ್ತದೆ’ ಎನ್ನುವ ರಿಪೇರಿಯನ್ನು ಒಪ್ಪಬಾರದು. ಆ ‘ಸದ್ಯ’ ಎಲ್ಲಿ ಮುಗಿಯುತ್ತದೆಂದು ಯಾರೂ ಹೇಳಲಾರರು.

ಇವುಗಳಲ್ಲಿ ಹೆಚ್ಚಿನವಕ್ಕೆ ಕಾಸಿನ ಖರ್ಚಿಲ್ಲ. ಬೇಕಾದದ್ದು ದಿನಕ್ಕೊಂದು ಗಳಿಗೆಯ ಗಮನ. ಎತ್ತಿಗೆ ಸಲ್ಲುತ್ತಿದ್ದ ಆ ಗಮನ ಮೋಟಾರಿಗೂ ಸಲ್ಲಲಿ. ಮಲಗುವ ಮುಂಚೆ ದೀಪ ಹಿಡಿದು ಒಮ್ಮೆ ಕೊಟ್ಟಿಗೆಗೆ ಹೋಗಿಬನ್ನಿ. ನಡುರಾತ್ರಿ ಯಾರಾದರೂ ಬಂದು ಬಾಗಿಲು ತಟ್ಟಿದರೆ ‘ಬಂದೆ’ ಎನ್ನಲು ನಿಮಗೆ ಧೈರ್ಯವಿರುತ್ತದೆ.